ಗೇರಿಲ್ಲದ ಸ್ಕೂಟರಿನ ಗೇರು

ನಮ್ಮ ಊರುಗಳಲ್ಲಿ ಈಗ ಓಡಾಡುವ ಸ್ಕೂಟರುಗಳಲ್ಲಿ ಬಹುಪಾಲನ್ನು ಜನರು ‘ಗೇರಿಲ್ಲದ ಗಾಡಿ’ ಎಂದು ಕರೆಯುತ್ತಾರೆ. ಹೆಸರು ಬಳಕೆಗೆ ಬಂದುಬಿಟ್ಟಿದೆ. ಅದನ್ನು ಬದಲಾಯಿಸಬೇಕೆಂಬ ಹಟ ನನಗಿಲ್ಲ. ಆದರೆ ಪೆಟ್ರೋಲ್ ಸ್ಕೂಟರಿನ ಮಟ್ಟಿಗೆ ಆ ಮಾತು ಸರಿಯಲ್ಲ. ಆ ಗಾಡಿಯಲ್ಲಿ ಗೇರು ಇಲ್ಲದೆ ಇಲ್ಲ, ಎಣಿಸಲಾಗದಷ್ಟು ಗೇರುಗಳಿವೆ. ಅವನ್ನು ಬದಲಾಯಿಸುವ ಕೆಲಸ ಮಾತ್ರ ಸವಾರನ ಕೈಯಿಂದ ಜಾರಿ, ಎಂಜಿನಿನ ಪಕ್ಕದ ಡಬ್ಬಿಯೊಳಗೆ ಸುತ್ತುವ ಆರೋ ಎಂಟೋ ಚಿಕ್ಕ ಗುಂಡುಗಳ ಪಾಲಿಗೆ ಹೋಗಿದೆ, ಅಷ್ಟೆ.

“ಗಾಡಿ ಮೊದಲಿನಂತೆ ಎಳೆಯುವುದಿಲ್ಲ, ಪಿಕಪ್ಪು ಹೋಗಿದೆ” ಎಂಬ ದೂರು ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ಯಂತ್ರಶಾಸ್ತ್ರದ ಪುಸ್ತಕಗಳು ವೇಗೋತ್ಕರ್ಷ ಎನ್ನುವುದನ್ನೇ ಬೀದಿಯವರು ಪಿಕಪ್ಪು ಎನ್ನುತ್ತಾರೆ. ಬೀದಿಯ ಮಾತೇ ನನಗೆ ಹೆಚ್ಚು ಹಿಡಿಸುತ್ತದೆ. ಸಣ್ಣ ಸ್ಕೂಟರಿನಲ್ಲಿ ಈ ದೂರು ಬರಿಯ ಬೇಸರದ ಸಂಗತಿ. ಇನ್ನೂರು ಕಿಲೋ ತೂಗುವ ‘ಮ್ಯಾಕ್ಸಿ ಸ್ಕೂಟರ’ನ್ನೇರಿ ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟುವಾಗ ಅದು ಪ್ರಾಣದ ಸಂಗತಿಯೇ ಆಗಬಹುದು. ಇಂತಹ ಗಾಡಿಯ ಪಿಕಪ್ಪು ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ, ಹೆಚ್ಚಿಸುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಆ ಡಬ್ಬಿಯ ಚರಿತ್ರೆಯನ್ನೇ ನೋಡಬೇಕು. ಅದು ವಿಚಿತ್ರವಾದ ಚರಿತ್ರೆ. ಇದೇ ಯಂತ್ರವನ್ನು ಒಮ್ಮೆ ‘ಅತಿ ವೇಗದ್ದು’ ಎಂದು ಪಂದ್ಯಗಳಿಂದ ಹೊರಗೆ ಹಾಕಿದರು. ಮತ್ತೊಮ್ಮೆ ‘ಮುದುಕರ ಗಾಡಿಗೆ ತಕ್ಕದ್ದು’ ಎಂದು ಗೇಲಿ ಮಾಡಿದರು.

ಮೊದಲು ಗೇರು ಏತಕ್ಕೆ ಬೇಕೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಎತ್ತು ನಿಂತಲ್ಲಿಂದಲೇ ಮೈಯ ಬಲವನ್ನೆಲ್ಲ ಹಾಕಿ ಎಳೆಯಬಲ್ಲದು. ಪೆಟ್ರೋಲ್ ಎಂಜಿನು ಹಾಗಲ್ಲ. ಅದು ನಿಮಿಷಕ್ಕೆ ಇಷ್ಟು ಸಾವಿರ ಸುತ್ತು ಸುತ್ತುತ್ತಿರುವಾಗ ಮಾತ್ರ ಅದಕ್ಕೆ ಕಸುವು. ಅದಕ್ಕಿಂತ ಕೆಳಗೆ ಸೊರಗುತ್ತದೆ, ಮೇಲೆ ಏದುಸಿರು ಬಿಡುತ್ತದೆ. ಗಾಡಿಯ ಚಕ್ರವಾದರೋ ಸೊನ್ನೆಯಿಂದ ಹೊರಟು ನೂರು ಕಿಲೋಮೀಟರ್ ವೇಗದವರೆಗೂ ಹೋಗಬೇಕು. ಇವೆರಡರ ನಡುವೆ ಒಬ್ಬ ಮಧ್ಯಸ್ಥ ಬೇಕು. ಆ ಮಧ್ಯಸ್ಥನೇ ಗೇರು.

ನಿಮ್ಮ ಮನೆಯಲ್ಲಿ ಹಳೆಯ ವಾಲ್ವ್ ರೇಡಿಯೋ ಇನ್ನೂ ಇದ್ದರೆ ಅದರ ಮುಂದೆ ನಿಂತು ನೋಡಿ. ಒಂದು ತಿರುಗುಣಿ ಬ್ಯಾಂಡು ಬದಲಾಯಿಸುವುದಕ್ಕೆ. ಮೀಡಿಯಂ ವೇವು, ಶಾರ್ಟ್ ವೇವು ಎಂದು ಅದು ಕಟಕ್ ಕಟಕ್ ಎಂದು ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ, ಎರಡು ಹೆಜ್ಜೆಗಳ ನಡುವೆ ನಿಲ್ಲುವುದಿಲ್ಲ. ಇನ್ನೊಂದು ನಿಲಯ ಹುಡುಕುವ ತಿರುಗುಣಿ. ಅದು ನುಣ್ಣಗೆ ತಿರುಗುತ್ತದೆ, ಮುಳ್ಳು ಎಲ್ಲಿ ಬೇಕಾದರೂ ನಿಲ್ಲುತ್ತದೆ. ಹಲ್ಲುಚಕ್ರಗಳ ಗೇರುಪೆಟ್ಟಿಗೆ ಮೊದಲನೆಯ ತಿರುಗುಣಿಯಂತೆ. ನಾನು ಹೇಳಹೊರಟಿರುವುದು ಎರಡನೆಯದರ ಕಥೆ.

ಆ ನುಣುಪಿನ ಮೂಲ ಬೆಲ್ಟು ಮತ್ತು ರಾಟೆ. ಚರಕದ ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಕದಿರು ಹತ್ತಾರು ಸುತ್ತು ಸುತ್ತುವುದನ್ನು ನೀವು ನೋಡಿದ್ದೀರಿ. ಹಿಟ್ಟಿನ ಗಿರಣಿಯಲ್ಲಿಯೂ ಅದೇ ನ್ಯಾಯ: ದೊಡ್ಡ ರಾಟೆಗೂ ಚಿಕ್ಕ ರಾಟೆಗೂ ನಡುವೆ ಬೆಲ್ಟು ಹಾಕಿದರೆ ವೇಗ ಬದಲಾಗುತ್ತದೆ. ಆದರೆ ರಾಟೆಯ ಗಾತ್ರ ಒಂದೇ ಆಗಿರುವ ತನಕ ವೇಗದ ಪ್ರಮಾಣವೂ ಒಂದೇ. ಓಡುತ್ತಿರುವಾಗಲೇ ರಾಟೆಯನ್ನು ಹಿಗ್ಗಿಸಿ ಕುಗ್ಗಿಸುವಂತಿದ್ದರೆ? ಕಾಫಿ ಕಪ್ಪಿನ ಎರಡು ಸಾಸರುಗಳನ್ನು ತಳಕ್ಕೆ ತಳ ತಾಗಿಸಿ ಹಿಡಿದುಕೊಳ್ಳಿ. ನಡುವೆ ಇಳಿಜಾರಾದ ಕಾಲುವೆಯೊಂದು ಆಗುತ್ತದೆ. ಅದರಲ್ಲಿ ಇಳಿಜಾರು ಅಂಚಿನ ಬೆಲ್ಟೊಂದು ಕುಳಿತಿದೆ ಎಂದುಕೊಳ್ಳಿ. ಸಾಸರುಗಳನ್ನು ದೂರ ಸರಿಸಿದರೆ ಬೆಲ್ಟು ಒಳಕ್ಕೆ ಇಳಿಯುತ್ತದೆ, ರಾಟೆ ಚಿಕ್ಕದಾದಂತೆ. ಹತ್ತಿರ ತಂದರೆ ಬೆಲ್ಟು ಅಂಚಿಗೆ ಏರುತ್ತದೆ, ರಾಟೆ ದೊಡ್ಡದಾದಂತೆ. ಇಷ್ಟೇ ಗುಟ್ಟು. ಮುಂದಿನ ನೂರನಲವತ್ತು ವರ್ಷಗಳ ಶ್ರಮವೆಲ್ಲವೂ ಆ ಸಾಸರುಗಳನ್ನು ಯಾರು, ಯಾವಾಗ, ಎಷ್ಟು ಸರಿಸಬೇಕು ಎಂಬುದರ ಸುತ್ತ ನಡೆದುದು.

ಅಮೆರಿಕದ ಇಂಡಿಯಾನಾ ಸಂಸ್ಥಾನದ ಕೊಲಂಬಸ್ ಎಂಬ ಊರಿನ ಮಿಲ್ಟನ್ ರೀವ್ಸ್ ಎಂಬಾತ 1879ರಲ್ಲಿ ಮರ ಕೊಯ್ಯುವ ಗರಗಸದ ವೇಗವನ್ನು ಬೇಕಾದಂತೆ ಹೊಂದಿಸಿಕೊಳ್ಳುವುದಕ್ಕಾಗಿ ಇಂತಹ ರಾಟೆಯನ್ನು ರೂಪಿಸಿದ. ಕಾರ್ಖಾನೆಗಳಲ್ಲಿ ಅದಕ್ಕೆ ಬಹಳ ಬೇಡಿಕೆ ಬಂತು. 1896ರಲ್ಲಿ ಆತ ಅದನ್ನು ತಾನೇ ಕಟ್ಟಿದ ಮೋಟಾರು ಗಾಡಿಗೂ ಜೋಡಿಸಿದ. ಈ ರೀವ್ಸ್ ಮಹಾಶಯನಿಗೆ ಚಕ್ರಗಳ ಮೇಲೆ ಅದೇನು ಪ್ರೀತಿಯೋ, 1911ರಲ್ಲಿ ಎಂಟು ಚಕ್ರದ ಕಾರನ್ನೂ ಮಾಡಿ ಜನರ ಮುಂದಿಟ್ಟ. ಅದನ್ನು ಕೊಳ್ಳುವವರು ಸಿಗಲಿಲ್ಲ. ರಾಟೆ ಮಾತ್ರ ಉಳಿಯಿತು.

ಎರಡು ಚಕ್ರದ ವಾಹನಕ್ಕೆ ಈ ವಿದ್ಯೆ ಬಂದುದು ಇಂಗ್ಲೆಂಡಿನಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ಮೋಟಾರ್ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಗೇರೇ ಇರಲಿಲ್ಲ; ಎಂಜಿನಿನಿಂದ ಹಿಂದಿನ ಚಕ್ರಕ್ಕೆ ನೇರವಾಗಿ ಒಂದು ಬೆಲ್ಟು, ಅಷ್ಟೆ. ಗುಡ್ಡ ಎದುರಾದರೆ ಸವಾರ ಇಳಿದು ತಳ್ಳಬೇಕು ಅಥವಾ ಪಕ್ಕದಲ್ಲಿ ಓಡಬೇಕು. ಜೆನಿತ್ ಎಂಬ ಕಂಪೆನಿಯ ಫ್ರೆಡ್ ಬಾರ್ನ್ಸ್ 1907-08ರ ಹೊತ್ತಿಗೆ ‘ಗ್ರಾಡುಯ’ ಎಂಬ ಏರ್ಪಾಟನ್ನು ತಂದ. ಪೆಟ್ರೋಲ್ ಟ್ಯಾಂಕಿನ ಮೇಲೆ ಕಾಫಿಬೀಜ ಪುಡಿಮಾಡುವ ಯಂತ್ರದಲ್ಲಿರುವಂತಹ ಒಂದು ಹಿಡಿ. ಸವಾರ ಅದನ್ನು ತಿರುಗಿಸಿದರೆ ಎಂಜಿನಿನ ರಾಟೆಯ ಎರಡು ಮಗ್ಗುಲುಗಳು ಹತ್ತಿರ ಬರುವುವು ಅಥವಾ ದೂರವಾಗುವುವು. ಬೆಲ್ಟು ಸಡಿಲವಾಗದಿರಲೆಂದು ಅದೇ ಹೊತ್ತಿಗೆ ಹಿಂದಿನ ಚಕ್ರವೇ ಹಿಂದಕ್ಕೋ ಮುಂದಕ್ಕೋ ಸರಿಯುವುದು! ಓಡುತ್ತಿರುವ ಗಾಡಿಯ ಚಕ್ರವನ್ನೇ ಜಾರಿಸುವ ಧೈರ್ಯ ಇಂದಿನ ಎಂಜಿನಿಯರುಗಳಿಗೆ ಬಾರದು.

ಫಲವೇನಾಯಿತು? ಗುಡ್ಡ ಹತ್ತುವ ಪಂದ್ಯಗಳಲ್ಲಿ ಜೆನಿತ್ ಉಳಿದವರನ್ನು ಹಿಂದೆ ಹಾಕಿತು. ಒಂದೇ ಗೇರಿನ ಗಾಡಿಗಳ ಒಡೆಯರು, ಇದು ಅನ್ಯಾಯದ ಸ್ಪರ್ಧೆ ಎಂದು ಗಲಾಟೆಯೆಬ್ಬಿಸಿದರು. ಕ್ಲಬ್ಬುಗಳು ಗ್ರಾಡುಯ ಗೇರಿನ ಗಾಡಿಯನ್ನು ಹಲವು ಪಂದ್ಯಗಳಿಂದ ಬಹಿಷ್ಕರಿಸಿದುವು. ಜೆನಿತ್ ಕಂಪೆನಿ ಅಳುತ್ತ ಕೂರಲಿಲ್ಲ. ‘ಬಹಿಷ್ಕೃತ’ ಎಂಬರ್ಥದ ‘ಬಾರ್ಡ್’ ಎಂಬ ಪದವನ್ನೇ ತನ್ನ ಜಾಹೀರಾತಿನ ಗುರುತನ್ನಾಗಿ ಮಾಡಿಕೊಂಡಿತು. ಇದಕ್ಕಿಂತ ಒಳ್ಳೆಯ ಜಾಹೀರಾತು ಹಣ ಕೊಟ್ಟರೂ ಸಿಕ್ಕುತ್ತಿರಲಿಲ್ಲ.

ಕಾವೆಂಟ್ರಿಯ ರಜ್ ಕಂಪೆನಿ ಇದನ್ನು ನೋಡಿ ಸುಮ್ಮನಿರಲಿಲ್ಲ. 1911ರ ಕೊನೆಯಲ್ಲಿ ‘ರಜ್ ಮಲ್ಟಿ’ ಬಂತು. ಅದರಲ್ಲಿ ಚಕ್ರ ಸರಿಯುವ ಸಾಹಸವಿಲ್ಲ. ಮುಂದಿನ ರಾಟೆ ಹಿಗ್ಗಿದಾಗ ಹಿಂದಿನ ರಾಟೆ ಅಷ್ಟೇ ಕುಗ್ಗುವಂತೆ ಎರಡನ್ನೂ ಒಂದೇ ಸನ್ನೆಗೋಲಿಗೆ ಬಿಗಿದಿದ್ದರು. ಬೆಲ್ಟು ಸದಾ ಬಿಗಿಯಾಗಿಯೇ ಇರುವುದು. ಓದುಗರು ಈ ಒಂದು ಅಂಶವನ್ನು ನೆನಪಿನಲ್ಲಿಡಬೇಕು: ಮುಂದೆ ಹಿಗ್ಗಿದರೆ ಹಿಂದೆ ಕುಗ್ಗಬೇಕು. ಇಂದಿನ ಪ್ರತಿಯೊಂದು ಸ್ವಯಂಚಾಲಿತ ಪೆಟ್ರೋಲ್ ಸ್ಕೂಟರಿನ ಹೊಟ್ಟೆಯಲ್ಲಿಯೂ ನಡೆಯುತ್ತಿರುವುದು ಇದೇ. 1914ರ ಐಲ್ ಆಫ್ ಮ್ಯಾನ್ ಸೀನಿಯರ್ ಟಿ.ಟಿ. ಪಂದ್ಯವನ್ನು ಸಿರಿಲ್ ಪುಲ್ಲಿನ್ ಗೆದ್ದುದು ಈ ರಜ್ ಮಲ್ಟಿಯ ಮೇಲೆ.

ಅಷ್ಟಾದರೂ ಬೆಲ್ಟು ಸೋತಿತು. ಆ ಕಾಲದ ಬೆಲ್ಟು ಗಾಳಿಗೆ ಮಳೆಗೆ ತೆರೆದುಕೊಂಡಿದ್ದಿತು. ನೆನೆದರೆ ಜಾರುವುದು, ಒಣಗಿದರೆ ಬಿರಿಯುವುದು. ಸರಪಳಿಯೂ ಹಲ್ಲುಚಕ್ರದ ಪೆಟ್ಟಿಗೆಯೂ ಗಟ್ಟಿಮುಟ್ಟಾದಂತೆ, 1920ರ ದಶಕ ಮುಗಿಯುವುದರೊಳಗೆ ಬೆಲ್ಟು ಮೋಟಾರ್ ಸೈಕಲ್ಲಿನಿಂದ ಮರೆಯಾಯಿತು. ಯೋಚನೆ ಸರಿಯಾಗಿದ್ದು ವಸ್ತು ಹಿಂದುಳಿದಿದ್ದಾಗ ಹೀಗಾಗುತ್ತದೆ.

ಎರಡನೆಯ ಬಾರಿ ಅದು ತಲೆಯೆತ್ತಿದುದು ಕ್ಯಾಲಿಫೋರ್ನಿಯಾದಲ್ಲಿ. ಫಾಸ್ಟರ್ ಸಾಲ್ಸ್‌ಬರಿ ಎಂಬಾತ 1936ರಲ್ಲಿ ‘ಮೋಟಾರ್ ಗ್ಲೈಡ್’ ಎಂಬ ಸ್ಕೂಟರನ್ನು ಮಾರುಕಟ್ಟೆಗೆ ತಂದ. 1938ರ ಹೊತ್ತಿಗೆ ಅದಕ್ಕೆ ತಾನಾಗಿಯೇ ಬದಲಾಗುವ ಬೆಲ್ಟಿನ ಗೇರನ್ನು ಸೇರಿಸಿದ. ಇಲ್ಲಿ ಹಿಡಿಯೂ ಇಲ್ಲ, ಸನ್ನೆಗೋಲೂ ಇಲ್ಲ. ಎಂಜಿನು ಜೋರಾಗಿ ಸುತ್ತಿದಷ್ಟೂ ರಾಟೆ ತಾನೇ ಹಿಗ್ಗುತ್ತದೆ. ಸಾಸರು ಸರಿಸುವ ಕೆಲಸ ಮನುಷ್ಯನ ಕೈಬಿಟ್ಟುದು ಸ್ಕೂಟರಿನ ಮಟ್ಟಿಗೆ ಇಲ್ಲಿಂದಲೇ. ಸಾಲ್ಸ್‌ಬರಿ ತನ್ನ ವಿನ್ಯಾಸವನ್ನು ಯುರೋಪಿನ ಕಂಪೆನಿಗಳಿಗೆ ಕೊಡಲು ಪ್ರಯತ್ನಿಸಿದ. ಅವುಗಳಲ್ಲಿ ಇಟಲಿಯ ಪಿಯಾಜಿಯೊ ಕೂಡ ಒಂದು. ಆದರೆ ಯುದ್ಧ ಮುಗಿದು 1946ರಲ್ಲಿ ಪಿಯಾಜಿಯೊ ಕಂಪೆನಿಯ ವೆಸ್ಪಾ ಹೊರಬಂದಾಗ ಅದರಲ್ಲಿ ಇದ್ದುದು ಎಡಗೈಯಿಂದ ತಿರುಗಿಸುವ ಹಲ್ಲುಚಕ್ರದ ಗೇರು. ಅದನ್ನು ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ಹೆಲಿಕಾಪ್ಟರುಗಳ ಎಂಜಿನಿಯರು. ಸವಾರನ ಕಾಲಿಗೂ ಬಟ್ಟೆಗೂ ಎಣ್ಣೆ ತಾಗಬಾರದು, ಕೈ ಹಿಡಿಯಿಂದ ಏಳಬಾರದು ಎಂಬುದು ಅವನ ಎಣಿಕೆ. ಅದು ಗೆದ್ದಿತು. 1947ರಲ್ಲಿ ಬಂದ ಲಾಂಬ್ರೆಟ್ಟಾ ಕೂಡ ಹಲ್ಲುಚಕ್ರದ ಗೇರನ್ನೇ ಹಿಡಿಯಿತು. ನಮ್ಮ ದೇಶಕ್ಕೆ ಮೊದಲು ಬಂದುವು ಈ ಎರಡೇ. 1972ರಲ್ಲಿ ಬಜಾಜ್ ಚೇತಕ್ ಬಂದ ಮೇಲೆ, ಎಡಗೈ ಮಣಿಕಟ್ಟು ತಿರುಗಿಸುವುದು ನಮ್ಮ ನಗರಗಳ ಒಂದು ಇಡೀ ತಲೆಮಾರಿಗೆ ನಡಿಗೆಯಷ್ಟೇ ಸಹಜವಾಗಿ ಹೋಯಿತು.

ಇತ್ತ ಹಾಲೆಂಡಿನ ಐಂಡ್‌ಹೋವನ್ ನಗರದಲ್ಲಿ ಬೇರೊಂದು ಕೆಲಸ ನಡೆಯುತ್ತಿದ್ದಿತು. ಐಂಡ್‌ಹೋವನ್ ಎಂದರೆ ರೇಡಿಯೋ ಇಟ್ಟುಕೊಂಡವರಿಗೆ ಪರಿಚಯ ಹೇಳಬೇಕಾಗಿಲ್ಲ. ಫಿಲಿಪ್ಸ್ ಕಂಪೆನಿಯ ತವರು ಅದು. ಅದೇ ಊರಿನಲ್ಲಿ ಹುಬ್ ವಾನ್ ಡೋರ್ನೆ ಎಂಬ ಕಮ್ಮಾರನ ಮಗ 1928ರಲ್ಲಿ ಒಂದು ಚಿಕ್ಕ ಕಾರ್ಯಾಗಾರ ತೆರೆದು, ಲಾರಿಗಳ ಹಿಂದಕ್ಕೆ ಕಟ್ಟುವ ಟ್ರೈಲರುಗಳನ್ನು ಮಾಡುತ್ತ ಬೆಳೆದ. ಅವನ ಕಂಪೆನಿಯೇ ಡಿ.ಎ.ಎಫ್., ಜನರ ಬಾಯಲ್ಲಿ ‘ದಾಫ್’. ಆತ ಹುಟ್ಟಿದುದು ‘ಅಮೆರಿಕ’ ಎಂಬ ಹೆಸರಿನ ಡಚ್ ಹಳ್ಳಿಯಲ್ಲಿ ಎಂಬುದು ಒಂದು ತಮಾಷೆ. 1958ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡಾಮಿನ ಮೋಟಾರು ಪ್ರದರ್ಶನದಲ್ಲಿ ‘ದಾಫ್ 600’ ಕಾರು ಜನರ ಕಣ್ಣಿಗೆ ಬಿತ್ತು. 590 ಸಿ.ಸಿ.ಯ ಪುಟ್ಟ ಎಂಜಿನು, ಹಿಂದಿನ ಎರಡು ಚಕ್ರಗಳಿಗೆ ಎರಡು ರಬ್ಬರು ಬೆಲ್ಟು. ಕ್ಲಚ್ಚಿನ ಪೆಡಲಿಲ್ಲ, ಗೇರಿಲ್ಲ. ಮುಂದಕ್ಕೊಂದು, ಹಿಂದಕ್ಕೊಂದು ಸನ್ನೆ. ಉಳಿದದ್ದು ‘ವೇರಿಯೊಮ್ಯಾಟಿಕ್’ ನೋಡಿಕೊಳ್ಳುವುದು. ಸುತ್ತುವ ತೂಕಗಳೂ ಎಂಜಿನಿನ ನಿರ್ವಾತವೂ ಸೇರಿ ರಾಟೆಗಳನ್ನು ಸರಿಸುತ್ತಿದ್ದುವು.

ಕಾರು ಚೆನ್ನಾಗಿ ಮಾರಾಟವಾಯಿತು, ಮರ್ಯಾದೆ ಮಾತ್ರ ಸಿಗಲಿಲ್ಲ. ಹೊಸದಾಗಿ ಕಲಿತವರಿಗೆ, ವಯಸ್ಸಾದವರಿಗೆ ಅದು ಅನುಕೂಲವಾಗಿದ್ದುದೇ ಅದರ ದೋಷವಾಯಿತು. ಡಚ್ಚರು ಅದಕ್ಕೆ ಹೆಂಗಸರನ್ನು ಹೀಯಾಳಿಸುವಂತಹ ಅಡ್ಡಹೆಸರನ್ನೇ ಇಟ್ಟರು. ಗೇರುಪೆಟ್ಟಿಗೆ ಬೇರೆಯಿಲ್ಲದ್ದರಿಂದ ದಾಫ್ ಕಾರು ಮುಂದಕ್ಕೆ ಹೋಗುವಷ್ಟೇ ವೇಗವಾಗಿ ಹಿಂದಕ್ಕೂ ಓಡಬಲ್ಲುದಾಗಿತ್ತು. ಮುಂದೆ ಹಿಂದೋಟದ ಪಂದ್ಯಗಳನ್ನೇ ಏರ್ಪಡಿಸಿ ದೂರದರ್ಶನದಲ್ಲಿ ತೋರಿಸಿ ನಕ್ಕರು. ಕಂಪೆನಿಗೆ ಇದು ನಾಟದೆ ಇರಲಿಲ್ಲ. 1960ರ ದಶಕದಲ್ಲಿ ಅದು ಈ ಬೆಲ್ಟನ್ನೇ ಫಾರ್ಮುಲಾ ಮೂರರ ಪಂದ್ಯದ ಕಾರುಗಳಿಗೆ ಹಾಕಿ ಓಡಿಸಿತು. ಅದಕ್ಕಿಂತ ಸ್ವಾರಸ್ಯದ ಸಂಗತಿ ಬಹಳ ತಡವಾಗಿ ನಡೆಯಿತು: 1993ರಲ್ಲಿ ವಿಲಿಯಮ್ಸ್ ತಂಡ ಬೆಲ್ಟಿನ ಗೇರನ್ನು ತನ್ನ ಫಾರ್ಮುಲಾ ಒಂದರ ಕಾರಿಗೆ ಜೋಡಿಸಿ ಪರೀಕ್ಷಿಸಿತು; 1994ರ ನಿಯಮಗಳು ಅದನ್ನು ನಿಷೇಧಿಸಿದುವು. ಗ್ರಾಡುಯಕ್ಕೆ ಆದುದೇ ಎಂಬತ್ತು ವರ್ಷಗಳ ಮೇಲೆ ಮತ್ತೆ ಆಯಿತು. ಎಂಜಿನನ್ನು ಸದಾ ಅದರ ಕಸುವಿನ ಎತ್ತರದಲ್ಲಿಯೇ ನಿಲ್ಲಿಸಬಲ್ಲ ಯಂತ್ರ ನಿಧಾನದ್ದಾಗಲು ಸಾಧ್ಯವಿಲ್ಲ. ಅದನ್ನು ನಿಧಾನವಾಗಿಸಿದುದು ಅದನ್ನು ಹೊಂದಿಸಿದವರ ಉದ್ದೇಶ. ಈ ಮಾತು ಸ್ಕೂಟರಿಗೂ ಸಲ್ಲುತ್ತದೆ.

ಬೆಲ್ಟಿನ ವಸ್ತುವಿನ ಕೊರತೆಯೂ ಈ ನಡುವೆ ತೀರಿತು. ಅಮೆರಿಕದ ಡುಪಾಂಟ್ ಕಂಪೆನಿಯಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ರಸಾಯನಶಾಸ್ತ್ರಜ್ಞೆ 1965ರಲ್ಲಿ ಕಂಡುಹಿಡಿದ ಎಳೆ ಕೆವ್ಲಾರ್ ಎಂದು ಹೆಸರಾಯಿತು. ಗುಂಡು ತಡೆಯುವ ಅಂಗಿಗೆ ಬಳಕೆಯಾದ ಆ ಜಾತಿಯ ಎಳೆಗಳೇ ರಬ್ಬರಿನೊಳಗೆ ನೂಲಾಗಿ ಸೇರಿ ಸ್ಕೂಟರಿನ ಬೆಲ್ಟಿಗೆ ಬೆನ್ನೆಲುಬಾದುವು. ಮಳೆಗೂ ಧೂಳಿಗೂ ಸಿಕ್ಕದಂತೆ ಅದನ್ನು ಡಬ್ಬಿಯೊಳಗೆ ಮುಚ್ಚಿಟ್ಟರು. ಇಂಗ್ಲೆಂಡಿನ ಮಳೆಯಲ್ಲಿ ಸೋತಿದ್ದ ವಿದ್ಯೆ ಹೀಗೆ ಮರಳಿ ನಿಂತಿತು.

ಅದನ್ನು ಮನೆಮನೆಗೆ ಮುಟ್ಟಿಸಿದವರು ಜಪಾನಿನವರು. 1970ರ ದಶಕದ ಕೊನೆಯಿಂದ ಹೊಂಡಾ, ಯಮಾಹಾ ಕಂಪೆನಿಗಳು ಪರಸ್ಪರ ಜಿದ್ದಿನಿಂದ ಪುಟ್ಟ ಸ್ಕೂಟರುಗಳನ್ನು ರಾಶಿ ರಾಶಿಯಾಗಿ ಸುರಿದುವು. ಭಾರತಕ್ಕೆ ಅದು ಕೈನೆಟಿಕ್ ಹೊಂಡಾ ಆಗಿ ಬಂತು. ಆ ಜಂಟಿ ಉದ್ಯಮದ ಆಯುಸ್ಸು 1984ರಿಂದ 1998ರವರೆಗೆ. ಗುಂಡಿ ಒತ್ತಿದರೆ ಶುರುವಾಗುವ, ಗೇರು ಹಾಕಬೇಕಾಗಿಲ್ಲದ ಸ್ಕೂಟರು ಅಂದು ಹೊಸ ಬೆರಗು. ಸೀರೆಯುಟ್ಟ ಹೆಂಗಸರು ಸ್ಕೂಟರಿನ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬಂದುದರಲ್ಲಿ ಈ ಬೆಲ್ಟಿನ ಪಾಲು ದೊಡ್ಡದು ಎಂದು ನನ್ನ ಅಭಿಪ್ರಾಯ. ಹಾಲೆಂಡಿನಲ್ಲಿ ಗೇಲಿಗೆ ಕಾರಣವಾದ ಗುಣವೇ ಇಲ್ಲಿ ಉಪಕಾರವಾಯಿತು. 2001ರಲ್ಲಿ ಆಕ್ಟಿವಾ ಬಂದ ಮೇಲೆ ಕೈಗೇರಿನ ಸ್ಕೂಟರು ಮೂಲೆಗೆ ಸೇರಿತು. 2013ರಿಂದ ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ಹೊಂಡಾ ಕಾರ್ಖಾನೆ ಇದೆ. ಇನ್ನು ವಿದ್ಯುತ್ ಸ್ಕೂಟರುಗಳಿಗೆ ಈ ಡಬ್ಬಿಯ ಗೊಡವೆಯೇ ಇಲ್ಲ. ಅವುಗಳ ಮೋಟಾರು ಎತ್ತಿನಂತೆ ನಿಂತಲ್ಲಿಂದಲೇ ಎಳೆಯಬಲ್ಲದು; ಗೇರಿಲ್ಲದ ಗಾಡಿ ಎಂಬ ಹೆಸರು ನಿಜವಾಗಿ ಒಪ್ಪುವುದು ಅವಕ್ಕೆ.

ದೊಡ್ಡ ಸ್ಕೂಟರಿನ ಹಾದಿ ಬೇರೆ. 1986ರಲ್ಲಿ ಹೊಂಡಾ ಕಂಪೆನಿ ಹೆಲಿಕ್ಸ್ ಎಂಬ, ಆರಾಮಕುರ್ಚಿಯಂತೆ ಉದ್ದವಾದ 250 ಸಿ.ಸಿ. ವರ್ಗದ ಸ್ಕೂಟರನ್ನು ತಂದಿತು. 1995ರಲ್ಲಿ ಯಮಾಹಾದ ಮೆಜೆಸ್ಟಿ, 1998ರಲ್ಲಿ ಸುಜುಕಿಯ ಬರ್ಗ್‌ಮನ್, 2001ರಲ್ಲಿ ಯಮಾಹಾದ ಟಿಮ್ಯಾಕ್ಸ್. ಟಿಮ್ಯಾಕ್ಸ್ ಬಂದುದರಿಂದ ಸ್ಕೂಟರು ಎಂಬ ಮಾತಿನ ಅರ್ಥವೇ ಬದಲಾಯಿತು: 499 ಸಿ.ಸಿ., ಎರಡು ಸಿಲಿಂಡರು, ಎಂಜಿನನ್ನು ಹಿಂದಿನ ಚಕ್ರಕ್ಕೆ ತೂಗುಹಾಕದೆ ಮೋಟಾರ್ ಸೈಕಲ್ಲಿನಂತೆ ನಡುವೆ ಕೂರಿಸಿದ ವಿನ್ಯಾಸ. ಇಟಲಿ, ಫ್ರಾನ್ಸ್‌ಗಳಲ್ಲಿ ಅದು ಮನೆಮಾತಾಯಿತು. ಕಚೇರಿಗೆ ಸೂಟುಧಾರಿಯಾಗಿ ಹೋಗುವವನು ಭಾನುವಾರ ಬೆಟ್ಟದ ತಿರುವುಗಳಲ್ಲಿ ಮೋಟಾರ್ ಸೈಕಲ್ಲಿನವರ ಜತೆ ಪಂದ್ಯ ಕಟ್ಟಬಹುದು. ಅಲ್ಲಿಗೆ ಪಿಕಪ್ಪಿನ ಪ್ರಶ್ನೆ ಎದ್ದಿತು.

ಪಿಕಪ್ಪನ್ನು ಮಾರುವ ವ್ಯಾಪಾರವೂ ಇಟಲಿಯದೇ. ಬೊಲೊನ್ಯಾ ಕಡೆಯ ಮಲೋಸಿ ಕಂಪೆನಿ 1930ರಲ್ಲಿ ಹುಟ್ಟಿದುದು. ಬೆರ್ಗಮೊ ಪ್ರಾಂತದ ಪೊಲೀನಿ 1945ರಲ್ಲಿ. 1990ರ ದಶಕದಲ್ಲಿ ಇಟಲಿಯ ಹದಿನಾಲ್ಕು ವರ್ಷದ ಹುಡುಗರಿಗೂ 50 ಸಿ.ಸಿ. ಸ್ಕೂಟರು ಓಡಿಸಲು ಅನುಮತಿಯಿದ್ದಿತು, ಆದರೆ ಗಂಟೆಗೆ 45 ಕಿಲೋಮೀಟರ್ ಮೀರಬಾರದು. ಅನೇಕ ಗಾಡಿಗಳಲ್ಲಿ ಆ ಮಿತಿಯನ್ನು ಕಾಯುತ್ತಿದ್ದುದು ಮುಂದಿನ ರಾಟೆಯಲ್ಲಿ ಸೇರಿಸಿದ್ದ ಒಂದು ಉಂಗುರ. ಸಾಸರುಗಳು ಪೂರ್ತಿ ಕೂಡದಂತೆ ಅದು ತಡೆಯುವುದು. ಹುಡುಗರು ಮೊದಲು ಮಾಡುತ್ತಿದ್ದ ಕೆಲಸ ಅದನ್ನು ಕಿತ್ತು ಜೇಬಿಗೆ ಹಾಕುವುದು, ಎರಡನೆಯದು ಹಗುರವಾದ ಗುಂಡುಗಳನ್ನು ಹಾಕಿಸುವುದು. ಅದೇ ಹುಡುಗರು ದೊಡ್ಡವರಾಗಿ ಟಿಮ್ಯಾಕ್ಸ್ ಕೊಂಡಾಗ ಅದೇ ಅಂಗಡಿಗಳ ಬಾಗಿಲಿಗೆ ಬಂದರು. ಮಲೋಸಿಯ ‘ಮಲ್ಟಿವಾರ್’ ಮುಂತಾದ ಬದಲಿ ರಾಟೆಗಳು ದೊಡ್ಡ ಸ್ಕೂಟರುಗಳಿಗೂ ಸಿದ್ಧವಾದುವು.

ಈಗ ಡಬ್ಬಿಯೊಳಗೆ ನೋಡೋಣ. ಮುಂದಿನ ರಾಟೆಯ ಒಂದು ಮಗ್ಗುಲು ಎಂಜಿನಿನ ದಂಡಕ್ಕೆ ಬಿಗಿದಿದೆ, ಇನ್ನೊಂದು ಜಾರುತ್ತದೆ. ಜಾರುವ ಮಗ್ಗುಲಿನ ಬೆನ್ನಿನಲ್ಲಿ ಇಳಿಜಾರಾದ ದಾರಿಗಳಿದ್ದು ಪ್ರತಿಯೊಂದರಲ್ಲಿಯೂ ಒಂದು ಗುಂಡು, ಮೆಕ್ಯಾನಿಕ್ಕರ ಭಾಷೆಯಲ್ಲಿ ರೋಲರು, ಕುಳಿತಿದೆ. ಎಂಜಿನು ಸುತ್ತಿದಂತೆ ಕೇಂದ್ರಾಪಗಾಮಿ ಬಲದಿಂದ ರೋಲರುಗಳು ಹೊರಕ್ಕೆ ಉರುಳಿ ಆ ಮಗ್ಗುಲನ್ನು ಒತ್ತುತ್ತವೆ, ಬೆಲ್ಟು ಮೇಲೇರುತ್ತದೆ. ಹಿಂದಿನ ರಾಟೆಯನ್ನು ಒಂದು ಬಲವಾದ ಸ್ಪ್ರಿಂಗು ಸದಾ ಮುಚ್ಚಿ ಹಿಡಿದಿರುತ್ತದೆ. ಬೆಲ್ಟು ಎಳೆದಂತೆ ಅದು ಬಿಟ್ಟುಕೊಡುತ್ತದೆ. ಹೀಗೆ ರೋಲರಿಗೂ ಸ್ಪ್ರಿಂಗಿಗೂ ಹಗ್ಗಜಗ್ಗಾಟ. ಜತೆಗೆ ಹಿಂದಿನ ರಾಟೆಯಲ್ಲಿ ಓರೆಯಾದ ಗಾಡಿಗಳಿವೆ, ಅವುಗಳಲ್ಲಿ ಮೊಳೆಗಳಿವೆ. ಏರು ಬಂದು ಭಾರ ಹೆಚ್ಚಿದಾಗ ಅವು ರಾಟೆಯನ್ನು ಹಿಂಡಿ ಮುಚ್ಚಿ ಗಾಡಿಯನ್ನು ‘ಕೆಳಗಿನ ಗೇರಿಗೆ’ ಇಳಿಸುತ್ತವೆ. ಕೊನೆಯಲ್ಲಿ ಕ್ಲಚ್ಚು, ಅದೂ ಸುತ್ತುವಿಕೆಯಿಂದಲೇ ಅರಳಿ ಗಂಟೆಯಾಕಾರದ ಬಟ್ಟಲನ್ನು ಹಿಡಿಯುತ್ತದೆ.

ರೋಲರನ್ನು ಹಗುರಗೊಳಿಸಿದರೆ ಏನಾಗುತ್ತದೆ? ಸ್ಪ್ರಿಂಗನ್ನು ಸೋಲಿಸಲು ಅದು ಇನ್ನೂ ಜೋರಾಗಿ ಸುತ್ತಬೇಕು. ಆದುದರಿಂದ ಎಂಜಿನು ಹೆಚ್ಚಿನ ಸುತ್ತಿನಲ್ಲಿ, ಅಂದರೆ ಅದರ ಕಸುವು ಹೆಚ್ಚಿರುವ ಕಡೆ, ನಿಂತು ಎಳೆಯುತ್ತದೆ. ಲೆಕ್ಕ ಸುಲಭ. ಬಲವು ತೂಕವನ್ನೂ ಸುತ್ತಿನ ವರ್ಗವನ್ನೂ ಅನುಸರಿಸುತ್ತದೆ. 20 ಗ್ರಾಮಿನ ರೋಲರಿಗೆ ಬದಲು 18 ಗ್ರಾಮಿನದನ್ನು ಹಾಕಿದರೆ, ಮೊದಲು 6000 ಸುತ್ತಿನಲ್ಲಿ ಆಗುತ್ತಿದ್ದ ಬದಲಾವಣೆ ಹತ್ತಿರ ಹತ್ತಿರ 6300 ಸುತ್ತಿನಲ್ಲಿ ಆಗುವುದು. ಎರಡು ಗ್ರಾಮಿಗೆ ಮುನ್ನೂರು ಸುತ್ತು! ಎಂಜಿನಿನ ಶಕ್ತಿ ಎಳ್ಳಷ್ಟೂ ಹೆಚ್ಚಿಲ್ಲ ಎಂಬುದನ್ನು ಗಮನಿಸಬೇಕು. ಇದ್ದುದನ್ನು ಬಳಸುವ ಜಾಗ ಬದಲಾಗಿದೆ. ಅದಕ್ಕೆ ಬೆಲೆಯೂ ಉಂಟು. ಪೆಟ್ರೋಲು ಹೆಚ್ಚು ಸುಡುತ್ತದೆ, ಸದ್ದು ಹೆಚ್ಚುತ್ತದೆ. ಮಿತಿ ಮೀರಿ ಹಗುರವಾದರೆ ಎಂಜಿನು ಕಸುವಿನ ಶಿಖರವನ್ನು ದಾಟಿ ಬರಿದೆ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗದು. ಗಡುಸಾದ ಸ್ಪ್ರಿಂಗು ಹಾಕಿದರೂ ಕೆಳಗಿನ ಗೇರು ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಬೆಲ್ಟು ಹಿಂಡಿಹೋಗಿ ಬಿಸಿಯಾಗುತ್ತದೆ. ಸುಜುಕಿಯ 650 ಸಿ.ಸಿ. ಬರ್ಗ್‌ಮನ್ನಿಗೆ ಈ ಯಾವ ಉಪಾಯವೂ ನಡೆಯುತ್ತಿರಲಿಲ್ಲ. 2002ರಲ್ಲಿ ಬಂದ ಅದರಲ್ಲಿ ರಾಟೆಯನ್ನು ಸರಿಸುತ್ತಿದ್ದುದು ರೋಲರಲ್ಲ, ವಿದ್ಯುತ್ ಮೋಟಾರು. ಅದರ ಹಿಡಿಯ ಮೇಲೆ ಬೇಕೆಂದವರಿಗೆ ಗೇರು ಬದಲಾಯಿಸಲು ಗುಂಡಿಗಳನ್ನೂ ಇಟ್ಟಿದ್ದರು. ಗೇರು ಬೇಡವೆಂದು ಸ್ಕೂಟರು ಕೊಂಡವನಿಗೆ ಮತ್ತೆ ಗೇರಿನ ಆಸೆ!

ಕಾರ್ಖಾನೆಯವರು ರೋಲರಿನ ತೂಕ ಆರಿಸುವಾಗ ಪೆಟ್ರೋಲಿನ ಲೆಕ್ಕ, ಹೊಗೆಯ ನಿಯಮ, ಸದ್ದಿನ ನಿಯಮ, ಹಿಂದೆ ಕೂತ ಪತ್ನಿಯ ನೆಮ್ಮದಿ ಎಲ್ಲವನ್ನೂ ತೂಗಿರುತ್ತಾರೆ. ನಿಮ್ಮ ರಸ್ತೆ, ನಿಮ್ಮ ಭಾರ, ನಿಮ್ಮ ಏರು ಬೇರೆಯಾಗಿದ್ದರೆ ಆ ತೂಕವನ್ನು ಒಂದೆರಡು ಗ್ರಾಮು ಬದಲಿಸುವುದು ತಪ್ಪಲ್ಲ ಎಂದು ನಾನು ತಿಳಿದಿದ್ದೇನೆ. ಗ್ಯಾರಂಟಿಯ ಅವಧಿಯಲ್ಲಿದ್ದರೆ ಕಾಗದವನ್ನು ಓದಿಕೊಂಡು ಮಾಡಬೇಕು. ಆದರೆ ಬದಲಿಸುವ ಮೊದಲು ಹಳೆಯದು ನೆಟ್ಟಗಿದೆಯೇ ಎಂದು ನೋಡಬೇಡವೆ? ಪಿಕಪ್ಪು ‘ಇಲ್ಲ’ ಎಂಬುದು ಬೇರೆ, ‘ಹೋಗಿದೆ’ ಎಂಬುದು ಬೇರೆ. ಹೋಗಿದ್ದರೆ ಹೊಸ ಸಾಮಾನಿಗೆ ಸಾವಿರಗಟ್ಟಲೆ ಸುರಿಯುವ ಅಗತ್ಯ ಬಹುತೇಕ ಇರುವುದಿಲ್ಲ.

ರೋಲರು ದುಂಡಗಿರಬೇಕು. ಸವೆದಾಗ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ಉರುಳಬೇಕಾದದ್ದು ಜಾರುತ್ತದೆ, ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ, ವೇಗ ಏರುವಾಗ ಗಾಡಿ ತಡವರಿಸುತ್ತದೆ. ಬೆಲ್ಟು ಸವೆದರೆ ಅಗಲ ಕಡಿಮೆಯಾಗುತ್ತದೆ; ಹೊರಡುವಾಗ ಹಿಂದಿನ ರಾಟೆಯಲ್ಲಿ ಅದು ಇರಬೇಕಾದಷ್ಟು ಎತ್ತರದಲ್ಲಿ ಕೂರದು, ಓಟದ ಕೊನೆಯಲ್ಲಿ ಮುಂದಿನ ರಾಟೆಯ ಅಂಚಿಗೆ ಏರದು. ಆರಂಭದ ಎಳೆತವೂ ಕೊನೆಯ ವೇಗವೂ ಎರಡೂ ಹೋಗುತ್ತವೆ. ಕಣ್ಣಿಗೆ ಚೆನ್ನಾಗಿಯೇ ಕಂಡರೂ ಅಳೆದು ನೋಡಬೇಕು. ಎಷ್ಟಿರಬೇಕೆಂಬುದು ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ. ಹಿಂದಿನ ರಾಟೆಯ ಓರೆಗಾಡಿಗಳಲ್ಲಿ ಗ್ರೀಸು ಒಣಗಿದ್ದರೆ ಏರಿನಲ್ಲಿ ಗೇರು ಇಳಿಯುವುದಿಲ್ಲ. ಮಡಿಕೇರಿಯ ದಾರಿಯಲ್ಲಿ ಏದುಸಿರು ಬಿಡುವ ಎಷ್ಟೋ ಗಾಡಿಗಳ ಕಾಯಿಲೆ ಇದೊಂದೇ. ಕ್ಲಚ್ಚಿನ ಲೈನಿಂಗು ಕನ್ನಡಿಯಂತೆ ನುಣುಪಾಗಿದ್ದರೆ ಎಂಜಿನು ಕೂಗುತ್ತದೆ, ಗಾಡಿ ನಡುಗುತ್ತ ಹೊರಡುತ್ತದೆ. ಟಿಮ್ಯಾಕ್ಸಿನಂತೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚು ಇರುವ ಗಾಡಿಗಳಿಗೆ ಈ ಮಾತು ಸಲ್ಲದು.

ಡಬ್ಬಿ ತೆರೆದಾಗ ಬೆಲ್ಟಿನ ಕರಿಯ ಪುಡಿ ತುಂಬಿರುವುದು ಸಹಜ; ಒಣಬಟ್ಟೆಯಿಂದ ಒರೆಸಿದರೆ ಸಾಕು. ರಾಟೆಯ ಮುಖಗಳಿಗೆ ಒಂದು ತೊಟ್ಟು ಎಣ್ಣೆಯೂ ತಾಗಬಾರದು. ಬೆಂಗಳೂರಿನ ಜೆ. ಸಿ. ರಸ್ತೆಯಂತಹ ಕಡೆ ಸಾಮಾನು ಕೊಳ್ಳುವವರು ರೋಲರುಗಳನ್ನು ಒಂದೊಂದಾಗಿ ತೂಗಿಸಿ ನೋಡುವುದೊಳ್ಳೆಯದು, ಎಲ್ಲವೂ ಸರಿಸಮವಾಗಿರಬೇಕು. ಹಾಕಿಸುವ ಮೊದಲು ಊರ ಹೊರಗೆ ಬಯಲಾದ ಒಂದು ಏರನ್ನು ಆರಿಸಿಕೊಂಡು, ಬುಡದಿಂದ ನೆತ್ತಿಯವರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಡಿ. ಹಾಕಿಸಿದ ಮೇಲೆ ಅದೇ ಏರನ್ನು, ಅಷ್ಟೇ ಭಾರದೊಂದಿಗೆ ಮತ್ತೊಮ್ಮೆ ಹತ್ತಿ ನೋಡಿ. ಕಿವಿಗೆ ಹೆಚ್ಚಿದ ಸದ್ದು ವೇಗವೆಂದೇ ತೋರುವುದರಿಂದ, ಅಂಗಡಿಯವನ ಮಾತಿಗಿಂತಲೂ ಗಾಡಿಯ ಗುಡುಗಿಗಿಂತಲೂ ಆ ಎರಡು ಅಂಕಿಗಳನ್ನು ನಂಬಬಹುದು.